ಎಷ್ಟನೇ ಸಲ?

ನಮ್ಮ ಲಾಂಡ್ರಿಯಲ್ಲಿ ಮೂವತ್ತನಾಲ್ಕು ಹೆಂಗಸರಿಗೆ ಒಂದೇ ಕಕ್ಕಸು. ಅದಕ್ಕೊಂದು ಬೀಗ. ಬೀಗದ ಕೈಯನ್ನು ಕೋಟು ನೇತುಹಾಕುವ ದೊಡ್ಡ ಮರದ ಹ್ಯಾಂಗರಿಗೆ ಕಟ್ಟಿ, ಸೂಪರ್‌ವೈಸರ್ ತನ್ನ ಮೇಜಿನ ಪಕ್ಕದ ಮೊಳೆಗೆ ತಗುಲಿಸಿರುತ್ತಾನೆ. ಹ್ಯಾಂಗರ್ ಯಾಕೆ ಅಂದರೆ, ಹಿಡಿದುಕೊಂಡು ಹೋಗುವವಳು ಯಾರು ಅಂತ ಇಡೀ ಹಾಲಿಗೆ ಕಾಣಬೇಕು. ಸೆರಗಿನಲ್ಲಿ ಮುಚ್ಚಿಕೊಳ್ಳಲು ಆಗಬಾರದು.

ಅವನಿಗೆ ನಾವು ಇಟ್ಟ ಹೆಸರು ಗಡಿಯಾರ. ಹೆಂಡತಿ ಮುಖಕ್ಕಿಂತ ಕೈಗಡಿಯಾರವನ್ನೇ ಹೆಚ್ಚು ನೋಡುವ ಗಂಡಸು. ಯಾರಾದರೂ ಮೊಳೆಯ ಹತ್ತಿರ ಹೋದರೆ ಸಾಕು, ತಲೆ ಎತ್ತದೆ ಕೇಳುತ್ತಿದ್ದ.

"ಎಷ್ಟನೇ ಸಲ?"

"ಮೊದಲನೇ ಸಲ ಸಾರ್."

"ಹೂಂ, ಬೇಗ."

ಎರಡನೇ ಸಲ ಅಂದವಳಿಗೆ ಅರ್ಧ ದಿನದ ಕೂಲಿ ಕತ್ತರಿ. ಹಾಗಾಗಿ ಎರಡನೇ ಸಲ ಅನ್ನುವ ಮಾತೇ ನಮ್ಮ ಹಾಲಿನಲ್ಲಿ ಹುಟ್ಟಲಿಲ್ಲ. ನಾವೇ ಉಪಾಯ ಕಂಡುಕೊಂಡಿದ್ದೆವು. ನೀರು ಕುಡಿಯದಿದ್ದರೆ ಆಯಿತಲ್ಲ! ಮನೆ ಬಿಡುವಾಗಲೇ ಬಾಯಿ ಒಣಗಿಸಿಕೊಂಡು ಬರುವುದು, ಸಂಜೆ ಮನೆಗೆ ಹೋಗಿ ಕೊಡ ಎತ್ತಿ ಕುಡಿಯುವುದು. ಹೊಸದಾಗಿ ಸೇರಿದ ಹುಡುಗಿಯರಿಗೆ ಇಸ್ತ್ರಿ ಕಲಿಸುವುದಕ್ಕೆ ಮೊದಲು ಇದನ್ನೇ ಕಲಿಸುತ್ತಿದ್ದೆವು. ನಾನೂ ಕಲಿಸಿದ್ದೇನೆ, ಯಾರಿಂದ ಏನು ಮುಚ್ಚಿಡಲಿ.

ಒಳಗಿನ ಸೆಕೆಯನ್ನು ಹೇಗೆ ಹೇಳುವುದು? ಆಸ್ಪತ್ರೆಗಳ, ಹೋಟೆಲುಗಳ ಚಾದರಗಳು ಒದ್ದೆಯಾಗಿ ಬರುತ್ತವೆ. ಎರಡು ಕಡೆ ಹಬೆ ಉಗುಳುವ ದೊಡ್ಡ ಪ್ರೆಸ್. ಮೇಲಿನ ಹಲಗೆಯನ್ನು ಬಲಗೈಯಿಂದ ಎಳೆದು ಒತ್ತಿ ಹಿಡಿಯಬೇಕು. ಎಳೆದಾಗಲೆಲ್ಲ ಹಬೆ ಮುಖಕ್ಕೆ ಬಡಿಯುತ್ತದೆ. ಮಧ್ಯಾಹ್ನಕ್ಕೆ ರವಿಕೆ ಹಿಂಡಿದರೆ ಬೆವರು ಸುರಿಯುತ್ತಿತ್ತು. ಸೊಂಟ, ಭುಜ, ತಲೆ, ಎಲ್ಲಾ ನೋವು. ಅದಕ್ಕೆ ಗಡಿಯಾರನ ಮೇಜಿನ ಮೇಲೆ ಒಂದು ತಗಡಿನ ಡಬ್ಬಿ ಇತ್ತು. ನೋವಿನ ಮಾತ್ರೆಗಳು. ಅದಕ್ಕೆ ಬೀಗ ಇಲ್ಲ, ಲೆಕ್ಕ ಇಲ್ಲ, ಎಷ್ಟು ಬೇಕಾದರೂ ತಗೊಳ್ಳಿ ಅನ್ನುತ್ತಿದ್ದ. ನಮ್ಮ ಮೂಳೆಯ ಮೇಲೆ ಎಷ್ಟು ಅಕ್ಕರೆ ನೋಡಿ!

ದೊಡ್ಡ ಪ್ರೆಸ್ಸಿನಲ್ಲಿ ನಿಲ್ಲುತ್ತಿದ್ದವಳು ನಮ್ಮ ಅಕ್ಕ. ಒಡಹುಟ್ಟಿದವಳಲ್ಲ, ನನ್ನ ಭಾವನ ಹೆಂಡತಿ. ಒಂದೇ ಮನೆಯ ಎರಡು ಕೋಣೆಯಲ್ಲಿ ಎರಡು ಸಂಸಾರ. ಓರಗಿತ್ತಿಯರು ಜಗಳ ಆಡಬೇಕು ಅಂತ ಲೋಕದ ನಿಯಮ. ನಾವು ಜಗಳ ಆಡುತ್ತಿದ್ದೆವು, ಆದರೆ ಒಂದೇ ಡಬ್ಬಿಯಲ್ಲಿ ಊಟ ಕಟ್ಟಿಕೊಂಡು ಹೋಗುತ್ತಿದ್ದೆವು. ನನ್ನ ಬಾಯಿಗೆ ಹಾಲಿನಲ್ಲಿ ಪಟಾಕಿ ಅಂತ ಹೆಸರು. ಅಕ್ಕ ತುಟಿ ಪಿಟಕ್ ಅನ್ನದವಳು. ಹನ್ನೊಂದು ವರ್ಷ ದೊಡ್ಡ ಪ್ರೆಸ್ ಎಳೆದಳು, ಒಂದು ದಿನವೂ ಎರಡನೇ ಸಲ ಹ್ಯಾಂಗರ್ ಮುಟ್ಟಲಿಲ್ಲ.

ಆ ಬೇಸಿಗೆ ಎರಡು ದೊಡ್ಡ ಪ್ರೆಸ್ಸುಗಳಲ್ಲಿ ಒಂದು ಕೆಟ್ಟುಹೋಯಿತು. ಎರಡರ ಕೆಲಸ ಒಂದರ ಮೇಲೆ ಬಿತ್ತು. ಮೂರು ದಿನ ಅಕ್ಕ ಎಡಬಿಡದೆ ಎಳೆದಳು. "ಸೊಂಟ ಬಿದ್ದೇ ಹೋಗ್ತಿದೆ ಕಣೇ" ಅಂದಳು. ನಾನೇ ಹೋಗಿ ಡಬ್ಬಿಯಿಂದ ಮಾತ್ರೆ ತಂದುಕೊಟ್ಟೆ. ಬೆಳಿಗ್ಗೆ ಎರಡು, ಮಧ್ಯಾಹ್ನ ಎರಡು, ಮೂರು ದಿನವೂ. ಒಂದು ಗುಟುಕು ನೀರಿನಲ್ಲಿ ನುಂಗಿದಳು. ಈ ಕೈಯಿಂದಲೇ ಕೊಟ್ಟೆ.

ಮೂರನೇ ದಿನ ಚಾದರದ ರಾಶಿಯ ಮೇಲೆ ಬಿದ್ದಳು.

"ಏಳಮ್ಮ, ಏಳು. ನಾಟಕ ಸಾಕು" ಅಂದ ಗಡಿಯಾರ.

ಅವಳು ಏಳಲಿಲ್ಲ. ನಾವು ನಾಲ್ಕು ಜನ ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ಅವತ್ತು ಅವಳಿಗೆ ಬಂದ ಉಚ್ಚೆ ಹಾಲಿಲ್ಲದ ಚಹಾದ ಬಣ್ಣ. ಮಾರನೇ ದಿನ ಅದೂ ಇಲ್ಲ. ಕಾಲು ಊದಿತು, ಮುಖ ಊದಿತು, ಉಸಿರು ಎಳೆಯತೊಡಗಿತು.

"ಎರಡೂ ಕಿಡ್ನಿ ನಿಂತುಹೋಗಿವೆ" ಅಂದರು ಡಾಕ್ಟರು.

"ಇದ್ದಕ್ಕಿದ್ದಂಗೆ ನಿಂತು ಹೋಗಕ್ಕೆ ಅದೇನು ಬಸ್ಸಾ ಸಾರ್? ಮೊನ್ನೆ ತನಕ ಚೆನ್ನಾಗಿದ್ಲು!"

"ನೀರಿಲ್ಲ, ಬಿಸಿಲಿಗಿಂತ ಜಾಸ್ತಿ ಸೆಕೆ, ಮೇಲಿಂದ ಆ ಮಾತ್ರೆ. ಸಾಕಲ್ಲಮ್ಮ. ಸದ್ಯಕ್ಕೆ ಮಿಷನ್ ಹಾಕ್ತೀವಿ. ಕೆಲವರಿಗೆ ಕಿಡ್ನಿ ವಾಪಸ್ ಬರುತ್ತೆ, ಕೆಲವರಿಗೆ ಬರಲ್ಲ. ಮೂರು ತಿಂಗಳು ನೋಡೋಣ."

ಸೋಮವಾರ, ಬುಧವಾರ, ಶುಕ್ರವಾರ. ಕುತ್ತಿಗೆಯ ಪಕ್ಕದಲ್ಲಿ ತೂತು ಮಾಡಿ ಎರಡು ಬಾಯಿಯ ನಳಿಕೆ ಇಟ್ಟರು. ಅದರಿಂದ ರಕ್ತ ಹೊರಗೆ ಬಂದು, ಮಿಷನ್ನಿನಲ್ಲಿ ತೊಳೆಸಿಕೊಂಡು, ಮತ್ತೆ ಒಳಗೆ ಹೋಗಬೇಕು. ನಾಲ್ಕು ಗಂಟೆ. ಮೊದಲನೇ ದಿನ ಅಕ್ಕ ಮಲಗಿದ ಜಾಗದಲ್ಲೇ ಚಾದರದ ಮೂಲೆ ಹುಡುಕಿದಳು. ಕೆಂಪು ದಾರದ ಗುರುತು ಸಿಕ್ಕಿತು. ನಮ್ಮ ಲಾಂಡ್ರಿಯದೇ.

"ಇದು ನಾನು ಒತ್ತಿದ್ದೇ ಕಣೇ. ಮಡಿಕೆ ನೋಡು, ಒಂದು ಸುಕ್ಕಿಲ್ಲ" ಅಂದಳು. ಹೆಮ್ಮೆಯಿಂದಲೇ ಅಂದಳು. ನಾನು ಕಿಟಕಿಯ ಕಡೆ ತಿರುಗಿ ನಿಂತೆ.

ದಿನವಿಡೀ ಒಂದೇ ಲೋಟ ನೀರು ಅಂತ ಕಟ್ಟಪ್ಪಣೆ. ಕುಡಿದ ನೀರು ಹೊರಗೆ ಹೋಗದೆ ಎದೆಗೆ ತುಂಬುತ್ತದಂತೆ. "ಹನ್ನೊಂದು ವರ್ಷ ಗಡಿಯಾರ ಕುಡಿಯಕ್ಕೆ ಬಿಡ್ಲಿಲ್ಲ, ಈಗ ಡಾಕ್ಟ್ರು ಬಿಡಲ್ಲ. ನನ್ನ ಹಣೇಲಿ ನೀರೇ ಬರೆದಿಲ್ಲ ಬಿಡು" ಅಂತ ನಗಾಡಿದಳು.

ಎರಡನೇ ವಾರ ಗಡಿಯಾರ ಆಸ್ಪತ್ರೆಗೇ ಬಂದ. ಕೈಯಲ್ಲಿ ಒಂದು ಕಾಗದ. "ಏನಿಲ್ಲಮ್ಮ, ಸುಮ್ನೆ ಒಂದು ಸೈನು. ಕೆಲಸ ನಿಂದೇ ಇರುತ್ತೆ, ವಾಸಿಯಾದ ಮೇಲೆ ಬಾ."

ನಾನು ಕಿತ್ತುಕೊಂಡು ಓದಿದೆ. ಕೆಲಸಕ್ಕೆ ಸೇರುವ ಮೊದಲೇ ನನಗೆ ಕಿಡ್ನಿ ತೊಂದರೆ ಇತ್ತು, ಇದಕ್ಕೂ ಲಾಂಡ್ರಿಗೂ ಸಂಬಂಧವಿಲ್ಲ ಅಂತ ಬರೆದಿತ್ತು.

"ಹಾಕಬೇಡ ಅಕ್ಕ! ಇದು ಹಸೀ ಸುಳ್ಳು."

ಭಾವ ಮಂಚದ ಕಾಲ ಹತ್ತಿರ ನಿಂತಿದ್ದರು. ಗೋದಾಮಿನಲ್ಲಿ ಮೂಟೆ ಹೊರುವವರು, ಆಸ್ಪತ್ರೆಗೆ ಅಲೆದು ವಾರಕ್ಕೆ ಮೂರು ದಿನ ಕೂಲಿ ಕಳೆದುಕೊಂಡವರು. "ಹಾಕ್ಬಿಡು. ಕೆಲಸ ಆದ್ರೂ ಉಳೀಲಿ" ಅಂದರು. ಅಕ್ಕ ಮಲಗಿದಲ್ಲೇ, ಕುತ್ತಿಗೆಯ ನಳಿಕೆಯಿಂದ ಮಿಷನ್ನಿಗೆ ರಕ್ತ ಹರಿಯುತ್ತಿದ್ದಾಗಲೇ, ಸೈನು ಹಾಕಿದಳು. ಗಡಿಯಾರ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡು, ಟೈಮ್ ನೋಡಿಕೊಂಡು ಹೊರಟ.

ವಾರಗಳು ಹೋದವು. ಅಕ್ಕ ಇಳಿದುಹೋದಳು. ಮಿಷನ್ನಿನ ಮೇಲೆ ಇದ್ದಾಗ ಕಾಲು ಸೆಳೆತ ಹಿಡಿದು ಹಲ್ಲು ಕಚ್ಚುತ್ತಿದ್ದಳು. ಬಿ.ಪಿ. ಪಾತಾಳಕ್ಕೆ ಇಳಿದು ಕಣ್ಣು ಮೇಲಕ್ಕೆ ಹೋಗುತ್ತಿತ್ತು. ಮನೆಗೆ ಬಂದರೆ ಗೋಡೆ ಹಿಡಿದುಕೊಂಡು ನಡಿಗೆ. ನಮ್ಮ ಸಾಲು ಮನೆಗಳಿಗೆ ಕೊನೆಯಲ್ಲೊಂದು ಕಕ್ಕಸು. ತಲೆ ಸುತ್ತಿ ಬೀಳುತ್ತಾಳೆ ಅಂತ ನಾನೇ ಕೈಹಿಡಿದು ಕರೆದುಕೊಂಡು ಹೋಗಿ ಬಾಗಿಲ ಹೊರಗೆ ನಿಲ್ಲುತ್ತಿದ್ದೆ.

ಹತ್ತನೇ ವಾರದ ಶುಕ್ರವಾರ ಡಾಕ್ಟರು ಭಾವನನ್ನೂ ನನ್ನನ್ನೂ ಒಳಗೆ ಕರೆದರು.

"ಉಚ್ಚೆ ಬರ್ತಿಲ್ಲ. ದಿನಕ್ಕೆ ಒಂದು ಸಲ, ಅದೂ ಚೂರು ಅಂತಾರೆ. ಇನ್ನು ಇದು ಜೀವನಪೂರ್ತಿ ಅಂದ್ಕೊಳ್ಳಿ. ಕುತ್ತಿಗೆ ನಳಿಕೆ ಬಹಳ ದಿನ ಇಡಕ್ಕಾಗಲ್ಲ, ಕೀವಾಗುತ್ತೆ. ಮುಂದಿನ ಗುರುವಾರ ಕೈಯಲ್ಲಿ ಆಪರೇಷನ್. ಎಡಗೈ ನರ ಸಣ್ಣದಿದೆ, ಬಲಗೈಗೆ ಮಾಡ್ತೀವಿ. ಎರಡು ನರ ಸೇರಿಸಿ ಹೊಲೀತೀವಿ, ಆಮೇಲೆ ಮಿಷನ್ ಸೂಜಿ ಅಲ್ಲೇ."

ಅಕ್ಕ ಮಂಚದಿಂದಲೇ ಕೇಳಿಸಿಕೊಂಡಿದ್ದಳು. "ಆ ಕೈಲಿ ಪ್ರೆಸ್ ಎಳೀಬಹುದಾ ಸಾರ್?"

"ಆ ಕೈಲಿ ತುಂಬಿದ ಕೊಡಾನೂ ಎತ್ತಬಾರದಮ್ಮ."

ಅಕ್ಕ ಶನಿವಾರ ಇಡೀ ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಭಾನುವಾರ ಬೆಳಿಗ್ಗೆ ಒಲೆಯ ಮುಂದೆ ನನ್ನ ಪಕ್ಕ ಬಂದು ಕುಳಿತಳು.

"ನಾಳೆ ನಾನು ಬರಲ್ಲ ಕಣೇ."

"ಎಲ್ಲಿಗೆ?"

"ಮಿಷನ್‌ಗೆ. ಸಾಕು. ಇವರು ಮೂಟೆ ಹೊರೋದು ಬಿಟ್ಟು ನನ್ನ ಹೊರ್ತಿದ್ದಾರೆ. ಕೈಯೂ ಹೋದ ಮೇಲೆ ನಾನು ಯಾವ ಉಪಯೋಗಕ್ಕೆ? ಒಂದು ವಾರ ಬಿಟ್ರೆ ತಾನಾಗೇ ಮುಗಿಯುತ್ತಂತೆ. ಪಕ್ಕದ ಮಂಚದೋರು ಹಂಗೇ ಹೋದ್ರು."

ಬಾಯಿಗೆ ಬಂದ ಹಾಗೆ ಬೈದೆ. ನಿನಗೆ ಮಾತ್ರೆ ತಂದುಕೊಟ್ಟವಳು ನಾನು, ನೀನು ಸತ್ತರೆ ನಾನು ಹೇಗೆ ಬದುಕಲಿ, ನನ್ನ ಬಗ್ಗೆ ಆದರೂ ಯೋಚನೆ ಮಾಡು ಅಂತ ಅತ್ತೆ. ಅವಳು ನನ್ನ ಬೆನ್ನು ಸವರಿದಳು. ಸಾಯಲು ಹೊರಟವಳು ನನಗೆ ಸಮಾಧಾನ ಮಾಡುತ್ತಿದ್ದಳು. ಕೊನೆಗೆ, "ಆಯ್ತು, ಇದೊಂದು ಸಲ ಬರ್ತೀನಿ. ಸುಮ್ನಿರು" ಅಂದಳು.

ಸೋಮವಾರ ನಾನು ರಜೆ ಹಾಕಿ ಜೊತೆಗೆ ಹೋದೆ. ಅಲ್ಲಿ ಒಬ್ಬರು ವಯಸ್ಸಾದ ಸಿಸ್ಟರ್ ಇದ್ದರು. ಕನ್ನಡಕವನ್ನು ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿರುತ್ತಿದ್ದರು, ರಜೆ ಮುಗಿಸಿ ಅವತ್ತೇ ಬಂದಿದ್ದರಂತೆ. ಮಿಷನ್ ಹಾಕುವ ಮೊದಲು ತೂಕ ನೋಡುವುದು ವಾಡಿಕೆ. ಸಿಸ್ಟರ್ ತೂಕ ನೋಡಿದರು, ಕಾಗದ ನೋಡಿದರು, ಅಕ್ಕನನ್ನು ಇಳಿಸಿ ಮತ್ತೆ ಹತ್ತಿಸಿದರು.

"ಶುಕ್ರವಾರ ಹೋಗುವಾಗ ಎಷ್ಟಿತ್ತೋ ಇವತ್ತೂ ಅಷ್ಟೇ ಇದೆಯಲ್ಲಮ್ಮ. ಮೂರು ದಿನ ಏನೂ ಕುಡಿದಿಲ್ವಾ, ತಿಂದಿಲ್ವಾ?"

"ತಿಂದಿದ್ದೀನಿ ಮೇಡಂ."

"ಮತ್ತೆ ಆ ನೀರೆಲ್ಲ ಎಲ್ಲಿ ಹೋಯ್ತು? ದಿನಕ್ಕೆ ಎಷ್ಟು ಸಲ ಹೋಗ್ತೀಯ?"

"ಒಂದೇ ಸಲ ಮೇಡಂ" ಅಂದಳು ಅಕ್ಕ, ತಟ್ಟನೆ.

ನನಗೆ ತಲೆ ಕೆಟ್ಟುಹೋಯಿತು. "ಒಂದೇ ಸಲಾನಾ? ಇವತ್ತು ಬೆಳಿಗ್ಗೆಯಿಂದಲೇ ಮೂರು ಸಲ ಹೋಗಿದ್ದೀಯಲ್ಲ ಅಕ್ಕ! ಬಾಗಿಲ ಹೊರಗೆ ನಿಂತೋಳು ನಾನು!"

ಅಕ್ಕ ನನ್ನ ಕೈ ಹಿಸುಕಿದಳು. ಸುಮ್ಮನಿರು ಅಂತ ಕಣ್ಣಿನಲ್ಲೇ ಬೇಡಿದಳು. ಸಿಸ್ಟರ್ ಕನ್ನಡಕ ತೆಗೆದರು.

"ಎಷ್ಟು ದಿನದಿಂದ ಹೀಗೆ?"

"ಮೂರು ವಾರ ಆಗಿರಬಹುದು" ಅಂದೆ. ಮಿಷನ್ ಹಾಕಿಸಿಕೊಂಡಿದ್ದಕ್ಕೇ ಉಚ್ಚೆ ಬರುತ್ತಿದೆ ಅಂದುಕೊಂಡಿದ್ದೆ ನಾನು. ಅದು ಕಿಡ್ನಿ ವಾಪಸ್ ಬರುತ್ತಿರುವ ಗುರುತು ಅಂತ ನನಗೆ ಯಾರು ಹೇಳಿದ್ದರು? ಡಾಕ್ಟರು ಮಂಚದ ಹತ್ತಿರ ಬಂದು ಕೇಳುವಾಗ ನಮ್ಮನ್ನೆಲ್ಲ ಹೊರಗಿನ ಬೆಂಚಿಗೆ ಓಡಿಸುತ್ತಿದ್ದರು. ಅಕ್ಕ ಏನು ಉತ್ತರ ಹೇಳುತ್ತಿದ್ದಳೋ ನಮಗೆ ತಿಳಿಯದು. ಶುಕ್ರವಾರ ಡಾಕ್ಟರು ಒಂದು ಸಲ ಅಂದದ್ದು ಕೇಳಿದ್ದೆ. ಆಪರೇಷನ್ ಅಂದ ಕೂಡಲೇ ನನ್ನ ಕಿವಿ ಮುಚ್ಚಿಹೋಗಿತ್ತು.

"ಯಾಕಮ್ಮ ಸುಳ್ಳು ಹೇಳಿದೆ?" ಅಂದರು ಸಿಸ್ಟರ್. ಬೈಯಲಿಲ್ಲ, ಮೆಲ್ಲಗೆ ಕೇಳಿದರು.

ಅಕ್ಕ ತಲೆ ತಗ್ಗಿಸಿ ಚಾದರದ ಅಂಚನ್ನು ಬೆರಳಿನಿಂದ ತೀಡುತ್ತಾ ಕುಳಿತಳು. "ಜಾಸ್ತಿ ಅಂದ್ರೆ ಕದ್ದು ನೀರು ಕುಡಿದಿದ್ದೀಯ ಅಂತ ಬೈತೀರ ಅಂದ್ಕೊಂಡೆ. ಅದೂ ಅಲ್ಲ ಮೇಡಂ... ಎಷ್ಟು ಸಲ ಅಂತ ಯಾರಾದ್ರೂ ಕೇಳಿದ್ರೆ ಬಾಯಿಗೆ ಅದೇ ಬಂದುಬಿಡುತ್ತೆ. ಬೇರೆ ಉತ್ತರ ನನಗೆ ಅಭ್ಯಾಸ ಇಲ್ಲ."

ಸಾವಿನ ಮಂಚದ ಮೇಲೂ ಗಡಿಯಾರನಿಗೇ ಉತ್ತರ ಕೊಡುತ್ತಿದ್ದಳಲ್ಲ ನನ್ನ ಅಕ್ಕ! ಸಾಯಲು ಸಿದ್ಧಳಿದ್ದಳು, ಎರಡನೇ ಸಲ ಅನ್ನಲು ಸಿದ್ಧಳಿರಲಿಲ್ಲ.

ಸಿಸ್ಟರ್ ಡಾಕ್ಟರಿಗೆ ಫೋನು ಮಾಡಿದರು. ಅವತ್ತು ಮಿಷನ್ ಬೇಡ ಅಂತಾಯಿತು. ರಕ್ತ ತೆಗೆದು, ಒಂದು ದೊಡ್ಡ ಪ್ಲಾಸ್ಟಿಕ್ ಕ್ಯಾನು ಕೊಟ್ಟರು. "ನಾಳೆ ಇಷ್ಟು ಹೊತ್ತಿನ ತನಕ ಬಂದದ್ದೆಲ್ಲ ಇದರಲ್ಲಿ ಹಿಡೀಬೇಕು. ಒಂದು ಹನೀನೂ ಹೊರಗೆ ಹೋಗಬಾರದು."

ಅಕ್ಕನಿಗೆ ಪ್ರಾಣ ಹೋಗುವಷ್ಟು ನಾಚಿಕೆ. ಸಾಲು ಮನೆಗಳ ಮುಂದೆ ಆ ಕ್ಯಾನು ಹೊತ್ತುಕೊಂಡು ಓಡಾಡಿದವಳು ನಾನೇ. ಪಕ್ಕದ ಮನೆಯಾಕೆ ಇಣುಕಿದಳು.

"ಏನಮ್ಮ ಅದು, ಎಣ್ಣೇನಾ?"

"ಹೂಂ, ಎಣ್ಣೆಗಿಂತ ದುಬಾರಿದು. ಬೇಕಾ?" ಅಂದೆ. ಎಷ್ಟೋ ವಾರಗಳ ಮೇಲೆ ಅಕ್ಕ ಬಾಯಿ ಮುಚ್ಚಿಕೊಂಡು ನಕ್ಕಳು.

ಮಂಗಳವಾರ ಸಿಸ್ಟರ್ ಅಳತೆಯ ಜಾಡಿಗೆ ಸುರಿದು ನೋಡಿದರು. ಒಂದೂವರೆ ಲೀಟರಿಗೂ ಮೇಲೆ. ಡಾಕ್ಟರು ಬಂದು ಜಾಡಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಇದನ್ನ ಮೊದಲೇ ಹೇಳಕ್ಕೆ ಏನಾಗಿತ್ತಮ್ಮ?"

ಅಕ್ಕ ತಪ್ಪು ಮಾಡಿದವಳ ಹಾಗೆ ನಿಂತಿದ್ದಳು. ನನಗೆ ತಡೆಯಲಾಗಲಿಲ್ಲ. "ಮೊದಲೇ ಅಳೆಯಕ್ಕೆ ನಿಮಗೆ ಏನಾಗಿತ್ತು ಸಾರ್?"

ಭಾವ ನನ್ನ ತೋಳು ಜಗ್ಗಿದರು. ಡಾಕ್ಟರು ಜೇಬಿನಿಂದ ಪೆನ್ನು ತೆಗೆದರು. ಆಪರೇಷನ್ ಕಾಗದದ ಮೇಲೆ ಗೀಟು ಎಳೆದರು. "ಮಿಷನ್ ನಿಲ್ಲಿಸಿ ನೋಡೋಣ. ಮೂರು ದಿನಕ್ಕೊಮ್ಮೆ ರಕ್ತ. ವಿಷ ಏರ್ತಾ ಹೋದ್ರೆ ಮತ್ತೆ ಮಿಷನ್, ಆಪರೇಷನ್. ಆಸೆ ಇಟ್ಕೊಳ್ಳಿ, ಆದ್ರೆ ಪೂರ್ತಿ ಇಟ್ಕೋಬೇಡಿ" ಅಂದರು.

ಮೊದಲನೇ ರಕ್ತದಲ್ಲಿ ವಿಷ ಏರಿತ್ತು.

ಆ ಮೂರು ದಿನ ಹೇಗೆ ಕಳೆದೆವೋ! ಅಕ್ಕ ಒಂದೊಂದು ಲೋಟ ನೀರನ್ನೂ ಹೆದರಿ ಹೆದರಿ ಕುಡಿದಳು. ಬಂದದ್ದನ್ನೆಲ್ಲ ಕ್ಯಾನಿನಲ್ಲಿ ಹಿಡಿದಳು. ಸ್ವಲ್ಪ ಕಡಿಮೆ ಅನ್ನಿಸಿದರೆ ಮೂವರಿಗೂ ಊಟ ಸೇರುತ್ತಿರಲಿಲ್ಲ. ಭಾವ ಬಾಗಿಲಲ್ಲಿ ನಿಂತು, "ಬಂತಾ?" ಅನ್ನುವರು. "ಬಂತು" ಅಂದರೆ ಕೆಲಸಕ್ಕೆ ಹೋಗುವರು. ಎರಡನೇ ರಕ್ತದಲ್ಲಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಮೂರನೆಯದರಲ್ಲಿ ಇಳಿಯಿತು. ನಾಲ್ಕನೆಯದರಲ್ಲಿ ಇನ್ನೂ ಇಳಿಯಿತು.

ಸಿಸ್ಟರೇ ಕುತ್ತಿಗೆಯ ನಳಿಕೆ ಎಳೆದು ತೆಗೆದರು. ತೂತಿನ ಮೇಲೆ ಅಂಗೈ ಒತ್ತಿಕೊಂಡು ಹತ್ತು ನಿಮಿಷ ನಿಂತರು. ಅಕ್ಕ ಆ ಕೈಯನ್ನೇ ಹಿಡಿದುಕೊಂಡು ಮಗುವಿನ ಹಾಗೆ ಅತ್ತಳು.

"ಅರ್ಧ ಕಿಡ್ನಿ ವಾಪಸ್ ಬಂದಿದೆ, ಪೂರ್ತಿ ಬರಲ್ಲ" ಅಂದರು ಡಾಕ್ಟರು. "ದಿನಕ್ಕೆ ಮೂರು ಲೀಟರ್ ನೀರು. ಬಂದಾಗ ತಡೀಬಾರದು. ಆ ಮಾತ್ರೆ ಮುಟ್ಟಲೇಬಾರದು. ಆ ಸೆಕೆಗೆ ಹೋಗದೇ ಇದ್ರೆ ಇನ್ನೂ ಒಳ್ಳೇದು. ಇನ್ನೊಂದು ಸಲ ನಿಂತ್ರೆ ನನ್ನ ಕೈಲೂ ಏನೂ ಇಲ್ಲ."

"ಹೋಗದೇ ಇದ್ರೆ ಹೊಟ್ಟೆಗೆ ಏನ್ ಸಾರ್?" ಅಂದಳು ಅಕ್ಕ. ಅದಕ್ಕೆ ಅವರ ಹತ್ತಿರ ಔಷಧಿ ಇರಲಿಲ್ಲ. ನೀರಿಗೂ ಕಕ್ಕಸಿಗೂ ತಡೆಯಬಾರದು ಅಂತ ಒಂದು ಚೀಟಿ ಬರೆದುಕೊಟ್ಟರು.

ಒಂದು ತಿಂಗಳು ಬೇರೆ ಕಡೆ ಕೆಲಸ ಹುಡುಕಿದಳು. ಕುತ್ತಿಗೆಯ ಗಾಯ ನೋಡಿ ಯಾರೂ ಸೇರಿಸಿಕೊಳ್ಳಲಿಲ್ಲ. ಕೊನೆಗೆ ಅದೇ ಬಾಗಿಲು, ಅದೇ ಹಬೆ. ಗಡಿಯಾರ ಡಾಕ್ಟರ ಚೀಟಿಯನ್ನು ಓದಿ ಮಾತ್ರೆಯ ಡಬ್ಬಿಯ ಕೆಳಗೆ ಇಟ್ಟ.

"ನಿನಗೊಬ್ಬಳಿಗೆ ಬೇರೆ ಕಾನೂನು ಮಾಡಕ್ಕಾಗಲ್ಲಮ್ಮ. ನಿನಗೆ ಕಾಯಿಲೆ ಮೊದಲಿಂದಲೇ ಇತ್ತು, ನೀನೇ ಬರ್ಕೊಟ್ಟಿದ್ದೀಯ. ಪಾಪ ಅಂತ ಸೇರಿಸ್ಕೊಂಡಿದ್ದೀನಿ."

ಅಕ್ಕ ಪ್ರೆಸ್ಸಿನ ಪಕ್ಕ ದೊಡ್ಡ ನೀರಿನ ಬಾಟಲಿ ಇಟ್ಟಳು. ಆ ಹಾಲಿನೊಳಗೆ ಯಾರೂ ನೀರಿನ ಬಾಟಲಿ ತಂದದ್ದನ್ನು ನಾನು ಕಂಡಿರಲಿಲ್ಲ. ಎಲ್ಲರೂ ಕಳ್ಳ ಮಾಲು ನೋಡಿದ ಹಾಗೆ ನೋಡಿದರು. ಹಲಗೆ ಎಳೆದಳು, ಕುಡಿದಳು, ಎಳೆದಳು, ಕುಡಿದಳು. ಸ್ವಲ್ಪ ಹೊತ್ತಿಗೆ ಮೊಳೆಯ ಹತ್ತಿರ ಹೋದಳು.

"ಎಷ್ಟನೇ ಸಲ?"

"ಮೊದಲನೇ ಸಲ ಸಾರ್."

ಹೋಗಿಬಂದು ಹ್ಯಾಂಗರ್ ನೇತುಹಾಕಿದಳು. ಮತ್ತೆ ಕುಡಿದಳು. ಮಧ್ಯಾಹ್ನಕ್ಕೆ ಮುಂಚೆ ಅವಳ ಮುಖ ನೋಡಿದೆ. ಕೆಳತುಟಿ ಕಚ್ಚಿಕೊಂಡು ಕಾಲು ಬದಲಿಸುತ್ತಾ ನಿಂತಿದ್ದಳು. ಆ ನಿಲುವು ನಮಗೆಲ್ಲ ಗೊತ್ತು. ಮತ್ತೆ ತಡೆಯುತ್ತಿದ್ದಾಳೆ ಅಂದುಕೊಂಡೆ. ಅಷ್ಟರಲ್ಲಿ ಹಲಗೆ ಬಿಟ್ಟು ಮೊಳೆಯ ಕಡೆ ನಡೆದಳು.

"ಎಷ್ಟನೇ ಸಲ?" ಅಂದ ಗಡಿಯಾರ, ತಲೆ ಎತ್ತದೆ.

ಅಕ್ಕ ಹ್ಯಾಂಗರ್ ಕೈಗೆ ತೆಗೆದುಕೊಂಡಳು. ಅವಳ ದನಿ ಇಡೀ ಹಾಲಿಗೆ ಕೇಳಿತು.

"ಎರಡನೇ ಸಲ ಸಾರ್. ಸಂಜೆ ಒಳಗೆ ಇನ್ನೂ ನಾಲ್ಕು ಸಲ ಹೋಗ್ತೀನಿ."

ಗಡಿಯಾರ ತಲೆ ಎತ್ತಿದ. ಹನ್ನೊಂದು ವರ್ಷದಲ್ಲಿ ಮೊದಲನೇ ಸಲ ಅವನು ಅಕ್ಕನ ಮುಖ ನೋಡಿರಬೇಕು. "ಅರ್ಧ ದಿನ ಕತ್ತರಿ. ಗೊತ್ತಲ್ಲ?"

"ಗೊತ್ತು."

"ಮೂರನೇ ಸಲಕ್ಕೆ ಮನೆಗೇ ಹೋಗಬೇಕಾಗುತ್ತೆ."

ಆಗ ಚಾದರ ಮಡಿಸುವ ಅಜ್ಜಿ, ಲಾಂಡ್ರಿ ಶುರುವಾದ ದಿನದಿಂದ ಇರುವವಳು, ಕೈಯಲ್ಲಿದ್ದ ಮಡಿಕೆ ಕೆಳಗಿಟ್ಟು ಎದ್ದಳು. "ನಂದೂ ಎರಡನೇ ಸಲ" ಅಂದಳು. ಬಂದು ಅಕ್ಕನ ಹಿಂದೆ ನಿಂತಳು. ಅವಳ ಹಿಂದೆ ಹೋದ ತಿಂಗಳು ಸೇರಿದ ಹುಡುಗಿ. ಅವಳ ಹಿಂದೆ ಇನ್ನಿಬ್ಬರು. ಯಾರೂ ಯಾರನ್ನೂ ಕರೆಯಲಿಲ್ಲ.

"ಏನಿದು? ಎಲ್ಲರಿಗೂ ಒಂದೇ ಸಲ ಬಂತಾ?" ಅಂತ ಗಡಿಯಾರ ಕಿರುಚಿದ. "ಎಲ್ಲರಿಗೂ ಅರ್ಧ ದಿನ! ಮ್ಯಾನೇಜರಿಗೆ ಹೇಳ್ತೀನಿ!"

ಹೇಳಿಯೇ ಹೇಳುತ್ತಾನೆ. ನಾಳೆ ಬಾಗಿಲ ಹೊರಗೆ ನಿಲ್ಲಿಸುತ್ತಾನೋ ಏನೋ. ಅಕ್ಕ ಸೈನು ಹಾಕಿದ ಕಾಗದ ಇವತ್ತಿಗೂ ಅವರ ಹತ್ತಿರವೇ ಇದೆ. ನನಗೂ ಹೆದರಿಕೆ ಆಗಿತ್ತು, ಸುಳ್ಳು ಯಾಕೆ ಹೇಳಲಿ. ನನ್ನ ಮನೆಯಲ್ಲೂ ಒಲೆ ಉರಿಯಬೇಕು. ಆದರೂ ಪ್ರೆಸ್ಸಿನ ಹಬೆ ಬಂದ್ ಮಾಡಿ, ಅಕ್ಕನ ಬಾಟಲಿಯಿಂದ ಎರಡು ಗುಟುಕು ಕುಡಿದು, ಸಾಲಿನ ಕೊನೆಗೆ ಹೋಗಿ ನಿಂತೆ.

ಗಡಿಯಾರ ನನ್ನ ಕಡೆ ಬೆರಳು ತೋರಿಸಿದ. "ನಿಂದೆಷ್ಟನೇ ಸಲ?"

"ನನಗೆ ಬಂದೇ ಇಲ್ಲ ಸಾರ್" ಅಂದೆ. "ಆದ್ರೂ ಹೋಗ್ತೀನಿ."